ತೊಟ್ಟಿಲ ಮಗುವಿಗೂ ತೋಟದಲ್ಲೊಂದು ಪಾಲು

ಅಡಿಕೆ ಮಾರಿ ಪೇಟೆಯಿಂದ ವಾಪಸಾಗುವ ಕೃಷಿಕನ ಚೀಲದಲ್ಲಿ ಈಗ ಏನೇನು ಇರುತ್ತದೆ ನೋಡಿ. ಟೊಮೆಟೊ, ಬೀನ್ಸ್, ಕ್ಯಾಬೇಜು. ಕೆಲವರ ಚೀಲದಲ್ಲಿ ಬಾಳೆಹಣ್ಣೂ ಉಂಟು. ಮನೆಯಲ್ಲಿ ಆರೇಳು ತಿಂಗಳ ಮಗು ಇದ್ದರೆ ಎಲ್ಲದರ ಮೇಲೆ ಒಂದು ಡಬ್ಬ ಅಥವಾ ಬಣ್ಣದ ಪೆಟ್ಟಿಗೆ. ಅದರೊಳಗೆ ಇರುವುದೇನು? ಗೋಧಿ ಅಥವಾ ಅಕ್ಕಿಯ ಹಿಟ್ಟು, ಹಾಲಿನ ಹುಡಿ, ಕೆಲವದರಲ್ಲಿ ಒಣಗಿಸಿದ ಹಣ್ಣು, ಜೊತೆಗೆ ಸೇರಿಸಿದ ವಿಟಮಿನ್, ಖನಿಜ. ಹೆಚ್ಚಿನದೆಲ್ಲ ಯಾವುದೋ ಊರಿನ ರೈತನ ಗದ್ದೆಯಿಂದಲೇ ಹೋದದ್ದು. ನಮ್ಮಂಥವನೇ ಬೆಳೆದದ್ದನ್ನು ನಾವೇ ಹತ್ತು ಪಾಲು ಹೆಚ್ಚು ಕೊಟ್ಟು ತರುತ್ತೇವೆ.

ಕೃಷಿ ಪತ್ರಿಕೆಯಲ್ಲಿ ಮಗುವಿನ ಊಟದ ಸುದ್ದಿ ಎಂತಕ್ಕೆ, ಅದು ಹೆಂಗಸರ ವಿಷಯ ಅಲ್ವಾ ಎಂದು ಕೆಲವರು ಕೇಳಿಯಾರು. ನನ್ನ ಪ್ರಕಾರ ಇದು ಮೊದಲು ಜಮೀನಿನ ವಿಷಯ, ಆಮೇಲೆ ಅಡುಗೆಮನೆಯದ್ದು. ಮನೆಯ ಹೆಂಗಸರು ರಾಗಿ ಮಣ್ಣಿ ಮಾಡುವುದನ್ನು ಮರೆತದ್ದಲ್ಲ. ರಾಗಿ, ಹೆಸರು, ಕೂವೆ, ಮನೆಬಳಕೆಯ ಬಾಳೆ ಒಂದೊಂದಾಗಿ ನಮ್ಮ ಜಾಗದಿಂದ ಹೋದವು. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟದ್ದು ಗಂಡಸರ ತೀರ್ಮಾನ. ಇದ್ದ ಬಾಳೆಗೊನೆಯನ್ನು ಹಸಿ ಇರುವಾಗಲೇ ಜೀಪಿಗೆ ಹಾಕಿ ಕಳಿಸಿದ್ದೂ ನಾವೇ. ಕೈಗೆ ಸಿಕ್ಕದ್ದನ್ನು ತಾಯಿ ಹೇಗೆ ಬೇಯಿಸುವುದು?

ನನ್ನ ಸೂಚನೆ ಇಷ್ಟೇ. ಮನೆಯಲ್ಲಿ ಬಸುರಿ ಇದ್ದಾಳೆಂದು ತಿಳಿದ ದಿನವೇ ಮಗುವಿನ ಪಾಲಿಗೆಂದು ಬಿಸಿಲು ಬೀಳುವ ನಾಲ್ಕು ಸೆಂಟ್ಸ್ ಜಾಗ ತೆಗೆದಿಡಿ. ಬೆಳೆ ತೆಗೆಯಲು ಪೂರ್ತಿ ಸಮಯ ಉಂಟು. ಮಗು ಹುಟ್ಟಲು ಇರುವ ತಿಂಗಳುಗಳು, ಆಮೇಲೆ ಎದೆಹಾಲು ಮಾತ್ರ ಕುಡಿಯುವ ಆರು ತಿಂಗಳು. ಇಷ್ಟರಲ್ಲಿ ಕೂವೆಯಂಥ ನಿಧಾನದ ಬೆಳೆಯೂ ಕೈಗೆ ಬರುತ್ತದೆ.

ಎರಡು ಸೆಂಟ್ಸಿನ ಲೆಕ್ಕ

ಕಡಿಮೆ ಜಾಗದಲ್ಲಿ ಎಂತ ಆಗ್ತದೆ ಎಂದು ನಗುವವರಿಗೆ ಲೆಕ್ಕ ಹೇಳುತ್ತೇನೆ. ಮಳೆ ಆಶ್ರಯದ ರಾಗಿ ಸಾಧಾರಣ ಎಕರೆಗೆ ಆರರಿಂದ ಎಂಟು ಕ್ವಿಂಟಾಲ್ ಬರುತ್ತದೆ. ನೀರಾವರಿಯಲ್ಲಿ ಅದಕ್ಕಿಂತ ಜಾಸ್ತಿ. ಕಡಿಮೆಯದ್ದನ್ನೇ ಹಿಡಿದರೂ ಒಂದು ಸೆಂಟ್ಸಿಗೆ ಆರು ಕಿಲೋ, ಎರಡು ಸೆಂಟ್ಸಿಗೆ ಹನ್ನೆರಡು. ಆರು ತಿಂಗಳಿಂದ ಒಂದು ವರ್ಷದವರೆಗೆ ಮಗುವಿಗೆ ದಿನಕ್ಕೆ ನಲ್ವತ್ತೈವತ್ತು ಗ್ರಾಂ ರಾಗಿಹಿಟ್ಟು ಬೇಕು ಎಂದಿಟ್ಟುಕೊಂಡರೆ ಆರು ತಿಂಗಳಿಗೆ ಎಂಟೊಂಬತ್ತು ಕಿಲೋ. ಹಕ್ಕಿಗಳು ತಿಂದದ್ದು, ಜರಡಿಯಲ್ಲಿ ಹೋದದ್ದು ಕಳೆದರೂ ಸಾಕಾಗುತ್ತದೆ.

ಬಯಲುಸೀಮೆಯ ಓದುಗರಿಗೆ ಈ ಲೆಕ್ಕ ಬೇಡ. ಅವರ ಕಣಜದಲ್ಲೇ ರಾಗಿ ಉಂಟು. ನಾನು ಹೇಳುವುದು ಕರಾವಳಿ, ಮಲೆನಾಡಿನ ತೋಟದವರಿಗೆ. ನಮ್ಮಲ್ಲೂ ಹಿಂದೆ ಗುಡ್ಡದಲ್ಲಿ ರಾಗಿ ಬೆಳೆಯುತ್ತಿದ್ದರು. ಈಗ ಗುಡ್ಡದಲ್ಲಿ ರಬ್ಬರ್. ಆದರೂ ಒಂದನೇ ಬೆಳೆ ಕೊಯ್ದ ಗದ್ದೆಯ ಮೂಲೆಯಲ್ಲೋ, ಬಾವಿಕಟ್ಟೆಯ ಆಚೆಯ ಬಯಲಲ್ಲೋ ಜಾಗ ಸಿಕ್ಕೀತು. ದಶಂಬರದಲ್ಲಿ ಮಡಿ ಮಾಡಿ, ಮೂರು ವಾರದ ಸಸಿ ಕಿತ್ತು ನೆಟ್ಟು, ವಾರಕ್ಕೊಮ್ಮೆ ನೀರು ಬಿಟ್ಟರೆ ಮೊದಲ ಮಳೆಗೆ ಮುಂಚೆ ತೆನೆ ಕೈಗೆ. ಜಿಪಿಯು-28ರಂಥ ತಳಿ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ, ಬೆಂಕಿರೋಗವನ್ನೂ ತಡೆಯುತ್ತದೆ. ಒಂದೇ ಕಿರಿಕಿರಿ ಹಕ್ಕಿಗಳದ್ದು. ಊರಿಗೆಲ್ಲ ನಿಮ್ಮದೊಂದೇ ರಾಗಿ ಆದ ಕಾರಣ ಎಲ್ಲ ಹಕ್ಕಿಗಳಿಗೂ ನಿಮ್ಮಲ್ಲೇ ಊಟ! ಹಳೇ ಬಲೆ ಕಟ್ಟದೆ ಉಪಾಯವಿಲ್ಲ.

ಉಳಿದ ಎರಡು ಸೆಂಟ್ಸಿನಲ್ಲಿ ಹೆಸರು, ಒಂದು ಬುಡ ಚೀನಿಕಾಯಿ (ಸಿಹಿಗುಂಬಳ), ನಾಲ್ಕು ಸಾಲು ಹರಿವೆ, ಸಿಹಿಗೆಣಸಿನ ಒಂದು ಏರಿ. ಬೇಲಿಯಲ್ಲಿ ನುಗ್ಗೆ. ತೋಟದ ಬದಿಗೆ ನಾಲ್ಕು ನೇಂದ್ರ. ಇದಕ್ಕಿಂತ ಹೆಚ್ಚಿನದ್ದು ಯಾವ ಡಬ್ಬದಲ್ಲೂ ಇರಲಿಕ್ಕಿಲ್ಲ.

ದುಡ್ಡಿನ ಲೆಕ್ಕವೂ ಇರಲಿ. 2025-26ರ ಮುಂಗಾರಿಗೆ ಕೇಂದ್ರ ಸರಕಾರ ಘೋಷಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಕಿಲೋಗೆ 49ರ ಒಳಗೆ. ಪೆಟ್ಟಿಗೆಯ ಮೇಲಿನ ಬೆಲೆಯನ್ನು ಕಿಲೋಗೆ ತಿರುಗಿಸಿ ನೋಡಿ. ನಮ್ಮಲ್ಲಿ ಎಷ್ಟೋ ಜನ ಗೊಬ್ಬರದ ಚೀಲದ ಮೇಲಿನ ಸಾರಜನಕದ ಶೇಕಡಾವಾರು ಓದಿ ಚೌಕಾಸಿ ಮಾಡುತ್ತಾರೆ. ಮಗುವಿನ ಪೆಟ್ಟಿಗೆ ಹಿಂದಿನ ಸಣ್ಣ ಅಕ್ಷರ ಮಾತ್ರ ಓದುವುದಿಲ್ಲ.

ಆ ಸಣ್ಣ ಅಕ್ಷರದಲ್ಲಿ ಸಕ್ಕರೆಯೂ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ಒಂದು ವರದಿ ಹೊರತಂದಿತು. ನೆಸ್ಲೆ ಕಂಪೆನಿಯ ಸೆರೆಲ್ಯಾಕ್ ಭಾರತದಲ್ಲಿ ಮಾರುವಾಗ ಒಂದು ಹೊತ್ತಿನ ಊಟದಲ್ಲಿ ಸರಾಸರಿ ಮೂರು ಗ್ರಾಂ ಹತ್ತಿರ ಸೇರಿಸಿದ ಸಕ್ಕರೆ ಇರುತ್ತದೆ, ತನ್ನದೇ ದೇಶದಲ್ಲಿ ಮಾರುವುದರಲ್ಲಿ ಇಲ್ಲ ಎಂಬುದು ಅದರ ಸಾರ. ಐದು ವರ್ಷಗಳಿಂದ ಸಕ್ಕರೆ ಇಳಿಸುತ್ತಾ ಬಂದಿದ್ದೇವೆ ಎಂದು ಕಂಪೆನಿ ಉತ್ತರ ಕೊಟ್ಟಿತು. ಅದೇ ವರ್ಷ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳ ಪ್ರಕಟಣೆಯನ್ನೂ ಮಾಡಿತು. ಒಳ್ಳೆಯದೇ. ಆದರೆ ಗಲಾಟೆ ಆಗದೆ ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತೇ? ನಮ್ಮ ದೇಶದಲ್ಲಿ ಶಿಶು ಆಹಾರದ ಜಾಹೀರಾತನ್ನು ತಡೆಯುವ ಕಾನೂನು 1992ರಿಂದಲೇ ಉಂಟು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಎರಡು ವರ್ಷದವರೆಗಿನ ಮಕ್ಕಳ ಆಹಾರ ಅದರೊಳಗೆ ಬರುತ್ತದೆ. ಜಾಹೀರಾತಿಲ್ಲದೆಯೂ ಡಬ್ಬ ಹಳ್ಳಿ ಹಳ್ಳಿಗೆ ತಲುಪಿದೆ ಎಂದರೆ ನಮ್ಮ ಕಡೆಯ ಜಾಗ ಖಾಲಿ ಇತ್ತು ಎಂದೇ ಅರ್ಥ.

ಡಬ್ಬದವರನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ಕ್ರಮವನ್ನು ರೂಪಿಸಿದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ಆಣಂದದ ರೈತರ ಸಹಕಾರಿ ಅಮೂಲ್. ಎದೆಹಾಲು ಸಿಗದ ಮಗುವಿಗೆ ವೈದ್ಯರು ಹೇಳಿದ ಹಾಲಿನ ಹುಡಿ ಬೇಕೇ ಬೇಕು. ಹೊರಗೆ ಕೆಲಸಕ್ಕೆ ಹೋಗುವ ತಾಯಿಗೆ ಪೆಟ್ಟಿಗೆಯಿಂದ ಉಪಕಾರವೂ ಉಂಟು. ನನ್ನ ತಕರಾರು, ಹಿತ್ತಲಲ್ಲಿ ಎಲ್ಲ ಬೆಳೆಯಬಲ್ಲವನು ಅದು ಬಿಟ್ಟರೆ ಗತಿ ಇಲ್ಲ ಎಂದು ನಂಬಿದ್ದರ ಬಗ್ಗೆ.

ಮಣ್ಣಿ, ಸರಿ ಮತ್ತು ಮೊಳಕೆ

ನಮ್ಮಲ್ಲಿ ರಾಗಿ ಮಣ್ಣಿ, ಘಟ್ಟದ ಮೇಲೆ ರಾಗಿ ಸರಿ. ಮಾಡುವ ಕ್ರಮ ಬೇರೆ. ನಮ್ಮವರು ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಬೆಲ್ಲ ಹಾಕಿ ಕಾಸುತ್ತಾರೆ. ಮೇಲಿನವರು ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿಟ್ಟುಕೊಳ್ಳುತ್ತಾರೆ. ಇಲ್ಲಿ ನಾನು ನಮ್ಮೂರಿನ ಪಕ್ಷ ಅಲ್ಲ. ಸರಿಹಿಟ್ಟೇ ಮೇಲು.

ಕಾರಣ ಹೇಳುತ್ತೇನೆ. ರಾಗಿಯನ್ನು ಹೊಗಳುವುದು ಅದರ ಸುಣ್ಣದ ಅಂಶಕ್ಕೆ, ಅಂದರೆ ಕ್ಯಾಲ್ಸಿಯಂಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ. ಬೆಳ್ತಿಗೆ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಆದರೆ ಈ ಕ್ಯಾಲ್ಸಿಯಂ ಹೆಚ್ಚಿರುವುದು ಕಾಳಿನ ಸಿಪ್ಪೆಯ ಕಡೆ. ಬಟ್ಟೆಯಲ್ಲಿ ಹಿಂಡಿ ಚರಟವನ್ನು ದನಕ್ಕೆ ಹಾಕಿದರೆ ಒಳ್ಳೆಯದ್ದರಲ್ಲಿ ದೊಡ್ಡ ಪಾಲು ದನಕ್ಕೇ ಹೋಯಿತು. ಮಗುವಿಗೆ ಉಳಿದದ್ದು ಹೆಚ್ಚಾಗಿ ಗಂಜಿಯ ಅಂಶ. ಆರಂಭದ ಕೆಲವು ವಾರ ಹೊಟ್ಟೆ ಹೊಂದಿಕೊಳ್ಳಲಿ ಎಂದು ತೆಳು ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು ಕೊಡಿ, ಎಂಟು ತಿಂಗಳಾಗುವಾಗ ಸಾದಾ ಜರಡಿಯ ಹಿಟ್ಟಿಗೆ ಬನ್ನಿ.

ಮೊಳಕೆಯದ್ದು ಇನ್ನೊಂದು ದೊಡ್ಡ ಗುಣ. ಮಗುವಿನ ಹೊಟ್ಟೆ ಪುಟ್ಟದು. ಹಿಟ್ಟು ಜಾಸ್ತಿ ಹಾಕಿದರೆ ಗಂಜಿ ಅಂಟಿನಂತಾಗಿ ನುಂಗಲಿಕ್ಕಾಗುವುದಿಲ್ಲ. ನೀರು ಹಾಕಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುವುದು ನೀರಿನಲ್ಲಿ. ಗಂಜಿತಿಳಿ ಕುಡಿಸಿ ಕುಡಿಸಿ ಮಗು ಮೈ ಹಿಡಿಯುವುದಿಲ್ಲ ಎಂದು ಕೊರಗುವ ಮನೆಗಳು ಬೇಕಾದಷ್ಟು. ಮೊಳಕೆ ಬಂದ ಕಾಳಿನಲ್ಲಿ ಗಂಜಿಯನ್ನು ಒಡೆಯುವ ಕಿಣ್ವ, ಅಮೈಲೇಸ್, ಹುಟ್ಟಿಕೊಳ್ಳುತ್ತದೆ. ದಪ್ಪ ಗಂಜಿ ಬೇಯಿಸಿ, ಸ್ವಲ್ಪ ಆರಿದ ಮೇಲೆ, ಬಿಸಿ ಇರುವಾಗಲೇ ಅರ್ಧ ಚಮಚ ಮೊಳಕೆಹಿಟ್ಟು ಕಲಸಿ ಐದು ನಿಮಿಷ ಬಿಟ್ಟು ನೋಡಿ. ಗಟ್ಟಿ ಇದ್ದದ್ದು ತಾನಾಗಿ ಸಡಿಲವಾಗುತ್ತದೆ. ಮತ್ತೊಮ್ಮೆ ಕುದಿಸಿ ಆರಿಸಿ ಕೊಡುವುದು. ನೀರು ಸೇರಿಸದೆ ತೆಳ್ಳಗಾದ ಕಾರಣ ಅದೇ ಬಟ್ಟಲಲ್ಲಿ ಹೆಚ್ಚು ಊಟ.

ಹಿಟ್ಟು ಮಾಡುವಾಗ ಗಮನಿಸಬೇಕಾದ್ದು ಎರಡು. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು-ಒಂದೂವರೆ ದಿನ ಇಡಬೇಕು. ಮೊಳಕೆ ಕಂಡ ಮೇಲೆ ಒಳ್ಳೇ ಬಿಸಿಲಲ್ಲಿ ಒಣಗಿಸಿ, ಕೈಯಲ್ಲಿ ತಿಕ್ಕಿ ಬೇರು ಉದುರಿಸಿ ಕೇರಬೇಕು. ಹುರಿಯುವುದು ಪರಿಮಳ ಬರುವಷ್ಟು ಮಾತ್ರ. ಕಪ್ಪಾಗುವವರೆಗೆ ಹುರಿದರೆ ಕಿಣ್ವ ಸತ್ತಿತು, ಮೊಳಕೆ ಬರಿಸಿದ ಶ್ರಮ ದಂಡ. ಗಿರಣಿಗೆ ಕೊಡುವಾಗ ಮೆಣಸು, ಕೊತ್ತಂಬರಿ ಹುಡಿ ಮಾಡಿದ ನಂತರದ ಸರದಿ ಬೇಡ ಮಾರಾಯ್ರೆ!

ಗಂಜಿ ಎಷ್ಟು ದಪ್ಪ ಇರಬೇಕು ಎಂದರೆ ಚಮಚ ಓರೆ ಮಾಡಿದ ಕೂಡಲೇ ಸುರಿದು ಹೋಗಬಾರದು. ಮೇಲಿನಿಂದ ಅರ್ಧ ಚಮಚ ತುಪ್ಪವೋ ತೆಂಗಿನೆಣ್ಣೆಯೋ. ಶುರುವಿಗೆ ದಿನಕ್ಕೆ ಎರಡು ಮೂರು ಹೊತ್ತು ಎರಡು ಮೂರು ಚಮಚ, ಒಂಬತ್ತು ತಿಂಗಳಾಗುವಾಗ ಮೂರು ನಾಲ್ಕು ಹೊತ್ತು. ಎದೆಹಾಲು ಮುಂದುವರಿಯಬೇಕು. ದನ ಇದೆಯೆಂದು ಒಂದು ವರ್ಷದೊಳಗೆ ಎದೆಹಾಲು ಬಿಡಿಸಿ ದನದ ಹಾಲಿಗೆ ಹಾಕುವುದು ಸರಿಯಲ್ಲ.

ಬಾಕಾಹು ಮತ್ತು ಕೂವೆ

2021ರಲ್ಲಿ ಬಾಕಾಹು, ಅಂದರೆ ಬಾಳೆಕಾಯಿ ಹುಡಿ, ನಮ್ಮ ಭಾಗದಲ್ಲಿ ದೊಡ್ಡ ಮಾತಾಯಿತು. ಬಾಳೆಗೆ ಬೆಲೆ ಬಿದ್ದಿತ್ತು, ಕೊರೋನಾ ಕಾಲ. ಮನೆ ಮನೆಗಳಲ್ಲಿ ಬಾಳೆಕಾಯಿ ಕತ್ತರಿಸಿ ಒಣಗಿಸಿ ದೋಸೆ, ರೊಟ್ಟಿ, ಗುಲಾಬ್ ಜಾಮೂನ್ ಎಲ್ಲ ಮಾಡಿದರು. ನನಗೆ ಒಂದು ಸೋಜಿಗ. ಬಾಳೆಕಾಯಿ ಹುಡಿಯ ಹಳೇ ಗಿರಾಕಿ ಎಂದರೆ ಹಲ್ಲು ಬಾರದ ಮಗು. ಕೇರಳದವರು ಕುನ್ನನ್ ಕಾಯಿಯ ಹುಡಿಯನ್ನು ಶಿಶುಗಳಿಗೆಂದೇ ಮಾಡುತ್ತಾರೆ, ಕಾಸರಗೋಡಿನ ಕಡೆಯೂ ಇದು ಹೊಸತಲ್ಲ. ಜಾಮೂನಿನ ಗೌಜಿಯಲ್ಲಿ ಮಗುವಿನ ಸುದ್ದಿ ಹಿಂದೆ ಬಿತ್ತು.

ಬಲಿತ ನೇಂದ್ರ, ಹಣ್ಣಾಗಬಾರದು. ಸಿಪ್ಪೆ ತೆಗೆದು ತೆಳ್ಳಗೆ ಹೆರೆದು, ಬಟ್ಟೆ ಮುಚ್ಚಿ ಮೂರು ನಾಲ್ಕು ಬಿಸಿಲು. ಮುರಿದರೆ ಟಕ್ ಎನ್ನಬೇಕು. ಹತ್ತು ಕಿಲೋದ ಗೊನೆಯಿಂದ ಎರಡು ಕಿಲೋ ಚಿಲ್ಲರೆ ಹುಡಿ. ಇದನ್ನು ಎಪ್ರಿಲ್ ಒಳಗೆ ಮುಗಿಸಬೇಕು. ಜೂನ್ ನಂತರ ನಮ್ಮಲ್ಲಿ ಯಾವುದನ್ನೂ ಒಣಗಿಸುವ ಸಾಹಸ ಬೇಡ. ಮಳೆಗಾಲದಲ್ಲಿ ಹುಡಿ ಗಾಳಿಯ ಪಸೆ ಎಳೆದು ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಒಮ್ಮೆಗೆ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಹುಡಿ ಮಾಡಿ. ಉಳಿದದ್ದು ಒಣ ಚೂರಾಗಿಯೇ ಬಿಗಿ ಮುಚ್ಚಳದ ಡಬ್ಬದಲ್ಲಿರಲಿ. ಈಗ ಕೆಲವರು ಮಗುವಿನ ಹಿಟ್ಟಿಗೆ ನೆಲಗಡಲೆ, ಬಾದಾಮಿ, ಗೇರುಬೀಜ ಎಲ್ಲ ಸೇರಿಸಿ ಮೂರು ತಿಂಗಳಿಗಾಗುವಷ್ಟು ಬೀಸಿಡುತ್ತಾರೆ. ಎಣ್ಣೆಕಾಳು ಬಿದ್ದ ಹಿಟ್ಟು ಬೇಗ ಕನರುತ್ತದೆ, ನೆಲಗಡಲೆಗೆ ಬೂಸ್ಟು ಹಿಡಿದರಂತೂ ಅಪಾಯ. ಆಷಾಢದಲ್ಲಿ ಇದು ಬೇಡವೇ ಬೇಡ.

ಬಾಳೆಹುಡಿ ಹಗುರ, ಆದರೆ ಅದೊಂದೇ ಸಾಲದು. ಅದರಲ್ಲಿ ಸಸಾರಜನಕ, ಅಂದರೆ ಪ್ರೋಟೀನ್, ಕಡಿಮೆ. ಕೂವೆಯ ವಿಷಯದಲ್ಲಿ ಇದು ಇನ್ನೂ ನಿಜ. ನಮ್ಮಲ್ಲಿ ಕೂವೆಹುಡಿಗೆ ಬಹಳ ಗೌರವ. ಗೆಡ್ಡೆ ಅಗೆದು, ತುರಿದು, ನೀರಿನಲ್ಲಿ ತಿಕ್ಕಿ, ಸೋಸಿ, ಐದಾರು ಸಲ ನೀರು ಬದಲಿಸಿ ತಳದ ಬಿಳಿ ತೆಗೆದು ಒಣಗಿಸುವ ಶ್ರಮಕ್ಕೆ ಗೌರವ ಸಲ್ಲಬೇಕಾದ್ದೇ. ಹತ್ತು ಕಿಲೋ ಗೆಡ್ಡೆಗೆ ಒಂದೂವರೆ ಕಿಲೋ ಹುಡಿ ಸಿಕ್ಕಿದರೆ ಪುಣ್ಯ. ಆದರೆ ಅದು ಬರೀ ಗಂಜಿ. ಬಾಯಿಗೆ ನಯ, ನುಂಗಲು ಸುಲಭ, ಬೇಸಗೆಯಲ್ಲಿ ತಂಪೆಂದು ಹಿರಿಯರ ನಂಬಿಕೆ. ಮಗು ಬೆಳೆಯಲು ಅದು ಸಾಲದು. ಹೊಟ್ಟೆ ಕೆಟ್ಟ ದಿನಗಳಿಗೆ ಇಟ್ಟುಕೊಳ್ಳಿ, ಜೊತೆಗೆ ಎದೆಹಾಲು, ಓಆರ್‌ಎಸ್ ಬಿಡಬೇಡಿ.

ದಿನದ ಊಟಕ್ಕೆ ಅಕ್ಕಿಯೋ ರಾಗಿಯೋ ಎರಡು ಪಾಲು, ಹುರಿದ ಹೆಸರು ಒಂದು ಪಾಲು. ಇಷ್ಟು ನೆನಪಿಟ್ಟರೆ ಸಾಕು. ಕಬ್ಬಿಣಾಂಶದ ವಿಷಯದಲ್ಲಿ ಮಾತ್ರ ರಾಗಿಯನ್ನು ಪೂರ್ತಿ ನಂಬಬಾರದು. ಇದ್ದರೂ ಮೈಗೆ ಹತ್ತುವುದು ಕಡಿಮೆ. ಮೊಳಕೆ ಬರಿಸಿದಾಗ ಸ್ವಲ್ಪ ಸುಧಾರಿಸುತ್ತದೆ, ಬೆಂದ ಹರಿವೆಗೆ ನಾಲ್ಕು ತೊಟ್ಟು ಲಿಂಬೆರಸ ಬಿದ್ದರೆ ಇನ್ನೂ ಸುಧಾರಿಸುತ್ತದೆ. ತಿನ್ನುವ ಮನೆಯವರು ಪೂರ್ತಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು ಸಣ್ಣದಾಗಿ ಕಿವುಚಿ ಕೊಡಲಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರಕಾರದ ಯೋಜನೆಯಲ್ಲಿ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣಾಂಶದ ಸಿರಪ್ ಉಂಟು. ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ತೆಗೆದುಕೊಳ್ಳಿ. ಮನೆಯ ಊಟ ಒಳ್ಳೆಯದೆಂದು ಅದನ್ನು ಬಿಡುವ ಹಠ ಬೇಡ.

ಬೆಲ್ಲ, ಜೇನು, ಅಜ್ಜಿ

ಡಬ್ಬದ ಸಕ್ಕರೆಗೆ ಬೈದು ಮಣ್ಣಿಗೆ ಬೆಲ್ಲ ಸುರಿದರೆ ಎಂತ ಪ್ರಯೋಜನ? ಬೆಲ್ಲವೂ ಸಕ್ಕರೆಯೇ. ಆಲೆಮನೆಯ ಓದುಗರು ಸಿಟ್ಟಾಗಬಾರದು, ದೊಡ್ಡವರಿಗೆ ಬೆಲ್ಲ ಮಾರಲು ಎಷ್ಟೋ ದಾರಿ ಇದೆ. ಮೊದಲ ವರ್ಷ ಸಿಹಿ ಬೇಕೆಂದರೆ ಕಳಿತ ಬಾಳೆಹಣ್ಣು, ಬೆಂದ ಸಿಹಿಗೆಣಸು, ಚೀನಿಕಾಯಿ ಸಾಕು. ಉಪ್ಪೂ ಒಂದು ವರ್ಷದವರೆಗೆ ಬೇಡ. ನಮ್ಮ ನಾಲಿಗೆಗೆ ಸಪ್ಪೆ, ಮಗುವಿಗೆ ಸಪ್ಪೆ ಎಂದರೇನೆಂದೇ ಗೊತ್ತಿಲ್ಲ.

ಜೇನು ಕೃಷಿಕರೂ ಈ ಪುಟ ಓದುತ್ತಾರೆ. ನಿಮ್ಮ ಜೇನು ಎಷ್ಟೇ ಶುದ್ಧವಿರಲಿ, ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸುವಂತಿಲ್ಲ. ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣು ಜೇನಿನಲ್ಲಿರಬಹುದು, ಎಳೆಯ ಕರುಳಿನಲ್ಲಿ ಅದು ಬೆಳೆದು ವಿಷ ಮಾಡುತ್ತದೆ. ಕಲಬೆರಕೆಗೂ ಇದಕ್ಕೂ ಸಂಬಂಧವಿಲ್ಲ. ಬಜೆ ತೇಯ್ದು ಜೇನಲ್ಲಿ ಕೊಡುವ ಕ್ರಮವಿರುವ ಮನೆಗಳಲ್ಲಿ ಅಜ್ಜಿಯಂದಿರಿಗೆ ಇದನ್ನು ಮೆಲ್ಲಗೆ ಹೇಳಬೇಕು. ಅವರಿಂದ ಕಲಿಯುವುದೇ ಹೆಚ್ಚು ಇರುವಾಗ ಒಂದೆರಡು ವಿಷಯ ಬಿಡಿಸಿ ಹೇಳಿದರೆ ಬೇಸರ ಮಾಡಲಿಕ್ಕಿಲ್ಲ. ಮಾಡಿದರೂ ಎರಡು ದಿನ.

ರುಚಿ ಕಲಿಸುವುದೂ ಒಂದು ಕೃಷಿ

ಇನ್ನು ಹೊಸ ರುಚಿಯ ವಿಷಯ. ಮಗುವಿಗೆ ಸಿಹಿ ಹುಟ್ಟಿನಿಂದಲೇ ಇಷ್ಟ. ಸೊಪ್ಪು, ಹಾಗಲ, ಬದನೆ ಇಷ್ಟವಾಗುವುದು ಅಭ್ಯಾಸದಿಂದ. ಹರಿವೆಸೊಪ್ಪು ಬೇಯಿಸಿ ಕಿವುಚಿ ಬಾಯಿಗಿಟ್ಟರೆ ಮಗು ಮೋರೆ ಸಿಂಡರಿಸುತ್ತದೆ, ಅರ್ಧ ಹೊರಗೆ ದೂಡುತ್ತದೆ. ಅಲ್ಲಿಗೆ ಮನೆಯವರ ತೀರ್ಪು: “ಇವನಿಗೆ ಹರಿವೆ ಆಗುವುದಿಲ್ಲ.” ಎರಡೇ ದಿನದಲ್ಲಿ ತೀರ್ಪು! ಮೋರೆ ಸಿಂಡರಿಸಿದ್ದು ಹೊಸತಾದ್ದರಿಂದ, ಬೇಡವೆಂದಲ್ಲ. ಒಂದೇ ಪದಾರ್ಥವನ್ನು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಸಲ, ಸ್ವಲ್ಪ ಸ್ವಲ್ಪವೇ ಕೊಟ್ಟ ಮೇಲೆ ಒಗ್ಗುತ್ತದೆ ಎನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡದ್ದು. ಒತ್ತಾಯ ಮಾಡಿ ತುರುಕಬಾರದು. ಇವತ್ತು ಅರ್ಧ ಚಮಚ, ಬೇಡವೆಂದರೆ ಬಿಡುವುದು, ಎರಡು ದಿನ ಬಿಟ್ಟು ಮತ್ತೆ. ಹೊಸ ಪದಾರ್ಥ ಒಮ್ಮೆಗೆ ಒಂದೇ, ನಡುವೆ ಮೂರು ದಿನ ಬಿಟ್ಟರೆ ಯಾವುದರಿಂದ ಮೈಮೇಲೆ ಗುಳ್ಳೆ ಎದ್ದಿತು, ಹೊಟ್ಟೆ ಕೆಟ್ಟಿತು ಎಂದು ತಿಳಿಯುತ್ತದೆ. ಅಡಿಕೆ ಸಸಿ ನೆಟ್ಟು ಆರೇಳು ವರ್ಷ ಕಾಯುವ ನಮಗೆ ಹತ್ತು ಸಲ ಹರಿವೆ ಕೊಡುವ ತಾಳ್ಮೆ ಇಲ್ಲವೆಂದರೆ ನಂಬುವುದು ಕಷ್ಟ.

ರುಚಿ ಕಲಿಯುವುದು ಇನ್ನೂ ಮೊದಲೇ ಶುರುವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲ ಮತ್ತು ಸಂಗಡಿಗರು 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಸುರಿಯಾಗಿದ್ದಾಗ ಅಥವಾ ಹಾಲೂಡುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಗಂಜಿಗೆ ಉಳಿದ ಮಕ್ಕಳಷ್ಟು ಮೋರೆ ತಿರುಗಿಸಲಿಲ್ಲ. ತಾಯಿ ತಿಂದದ್ದರ ಪರಿಮಳ ಎದೆಹಾಲಿಗೆ ಬರುತ್ತದೆ. ನಮ್ಮ ಬಾಣಂತಿಯರ ಮೆಂತೆ, ಬೆಳ್ಳುಳ್ಳಿ, ಜೀರಿಗೆ, ಓಮ ಎಲ್ಲ ಮಗುವಿಗೆ ಆಗಲೇ ಪರಿಚಯ ಎಂದಾಯಿತು. ಇದನ್ನೇ ತಿರುಗಿಸಿ ನೋಡಿ: ಪಥ್ಯದ ಹೆಸರಲ್ಲಿ ಬಾಣಂತಿಗೆ ತಿಂಗಳುಗಟ್ಟಲೆ ಸೊಪ್ಪು ತರಕಾರಿ ಕೊಡದ ಮನೆಗಳಲ್ಲಿ ತಾಯಿಗೂ ನಷ್ಟ, ಮಗುವಿನ ಪಾಠವೂ ತಪ್ಪಿತು. ನಾಲ್ಕು ಸೆಂಟ್ಸಿನ ಸೊಪ್ಪು ಮೊದಲು ಹೋಗಬೇಕಾದ್ದು ಬಾಣಂತಿಯ ಬಟ್ಟಲಿಗೆ.

ತರಕಾರಿ ಬೆಳೆದು ಮಾರುವವರಿಗೆ ಇನ್ನೊಂದು ಮಾತು. ತೊಂಡೆ, ಬಸಳೆ, ಹೀರೆಗೆ ಗಿರಾಕಿ ಇಲ್ಲ, ಪೇಟೆಯ ಮಕ್ಕಳು ಮುಟ್ಟುವುದಿಲ್ಲ ಎಂದು ಸಂತೆಯಲ್ಲಿ ಕೇಳುತ್ತೇವೆ. ಪೇಟೆಯವರದ್ದು ಹೋಗಲಿ. ನಮ್ಮ ಮನೆಯ ಮಕ್ಕಳೇ ಬಸಳೆ ಬದಿಗಿಡುತ್ತಾರೆ, ಅದೂ ಚಪ್ಪರದಲ್ಲಿ ಬಸಳೆ ತುಂಬಿರುವ ಮನೆಯಲ್ಲಿ. ಮೊದಲ ಒಂದು ವರ್ಷ ವೆನಿಲಾ ಪರಿಮಳದ ಸಿಹಿ ಗಂಜಿ ಒಂದನ್ನೇ ಉಂಡ ನಾಲಿಗೆ ಮತ್ತೇನು ಮಾಡೀತು?

ಬೋರ್ಡೋ ಹನಿ ಬೀಳುವಲ್ಲಿ ಬೇಡ

ಮಗುವಿನ ಪಾಲು ಎಲ್ಲಿ ಇಡಬೇಕು ಎಂಬುದರಲ್ಲಿ ಎಚ್ಚರ ಬೇಕು. ಅಡಿಕೆ ಮರದ ಕೆಳಗಿನ ಹರಿವೆ ಮಗುವಿಗಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಲೆಯ ಮೇಲೆ ಹನಿ ಹನಿಯಾಗಿ ಬೀಳುತ್ತದೆ. ಮೈಲುತುತ್ತು ಸುಲಭದಲ್ಲಿ ತೊಳೆದು ಹೋಗುವ ಜಾತಿಯದ್ದಲ್ಲ, ಹೋಗಬಾರದೆಂದೇ ಅಲ್ಲವೇ ನಾವು ಅಂಟು ಸೇರಿಸುವುದು? ಗಾಳಿಯ ದಿಕ್ಕು ನೋಡಿ ಜಾಗ ಆರಿಸಿ. ಬಾಳೆಯ ಬುಡಕ್ಕೆ ಹರಳು ವಿಷ ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಉಂಟು. ಅದರಲ್ಲಿ ಹೆಚ್ಚು ಬಳಕೆಯಲ್ಲಿದ್ದ ಫೋರೇಟ್ 2020ರ ಕೊನೆಗೆ ನಿಷೇಧವಾಗಿದೆ. ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಪೊಟ್ಟಣ ಉಳಿದಿದ್ದರೆ ಅದನ್ನು ಈ ನಾಲ್ಕು ಬಾಳೆಯ ಹತ್ತಿರ ತರಬೇಡಿ, ಬೇರೆ ಬಾಳೆಗೂ ಹಾಕಬೇಡಿ. ಒಂದೆರಡು ಗಿಡ ಹುಳಕ್ಕೆ ಹೋದರೆ ಹೋಗಲಿ. ಮಾರಲಿಕ್ಕೆ ಬೆಳೆಯುವಾಗ ಅಷ್ಟು ಧೈರ್ಯ ಬರುವುದಿಲ್ಲ, ಇಲ್ಲಿ ಬರಬೇಕು. ಹಣ್ಣಿಗಿಟ್ಟ ಗೊನೆ ಮನೆಯ ಹೊಗೆ ಅಟ್ಟದಲ್ಲೋ ಒಣಹುಲ್ಲಿನ ನಡುವೆಯೋ ಹಣ್ಣಾಗಲಿ.

ಕೆಲಸಕ್ಕೆ ಬರುವವರ ಮಗು

ಅಡಿಕೆ ಸುಲಿಯಲು, ಗೇರುಬೀಜ ಹೆಕ್ಕಲು ಬರುವ ಹೆಂಗಸರಲ್ಲಿ ಕೆಲವರ ಜೊತೆ ಪುಟ್ಟ ಮಕ್ಕಳೂ ಬರುತ್ತವೆ. ಬೆಳಿಗ್ಗೆ ಎಂಟಕ್ಕೆ ಬಂದವಳು ಮಧ್ಯಾಹ್ನದವರೆಗೆ ಎದ್ದೇಳುವುದಿಲ್ಲ. ಕಿಲೋ ಲೆಕ್ಕದ ಸಂಬಳ ಆದರೆ ಮಗುವಿಗೆ ಉಣ್ಣಿಸಿದ ಹೊತ್ತೆಲ್ಲ ಅವಳ ಕೈಯಿಂದ ಕಳೆದಂತೆ. ಆಗ ಮಗುವಿನ ಬಾಯಿಗೆ ಹೋಗುವುದು ಐದು ರೂಪಾಯಿಯ ಬಿಸ್ಕೆಟು, ಚಹಾದಲ್ಲಿ ಅದ್ದಿ. ಇದು ಕಾಣುವುದು ನಮ್ಮದೇ ಅಂಗಳದಲ್ಲಿ. ಪೌಷ್ಟಿಕತೆಯ ಬಗ್ಗೆ ಸರಕಾರಕ್ಕೆ ಬುದ್ಧಿ ಹೇಳುವ ಮೊದಲು ಇದನ್ನು ನೋಡಬೇಕು ಎಂದು ನನಗನಿಸುತ್ತದೆ.

ನಾವು ಮಾಡಬಹುದಾದ್ದು ದೊಡ್ಡದೇನಲ್ಲ. ಮನೆಮಗುವಿಗೆ ಗಂಜಿ ಬೇಯುವಾಗ ಇನ್ನೊಂದು ಹಿಡಿ ಹಿಟ್ಟು ಹೆಚ್ಚಿಗೆ. ಹತ್ತು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ತಾಯಿಗೆ ಬಿಡುವು, ಸಂಬಳ ಕತ್ತರಿಸದೆ. ಕೂತು ಹಾಲೂಡಿಸಲು ಜಗಲಿಯ ಒಂದು ಮೂಲೆ, ಕೈ ತೊಳೆಯಲು ಸಾಬೂನು. ರಾಗಿ ಹೆಚ್ಚು ಬೆಳೆದ ವರ್ಷ ಎರಡು ಕಿಲೋ ಸರಿಹಿಟ್ಟು ಅವಳ ಚೀಲಕ್ಕೆ ಹಾಕಿ ಕೊಡಬಹುದು. ಅಂಗನವಾಡಿಯಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆ ಮನೆಗೆ ಕೊಡುವ ಆಹಾರ ಉಂಟು. ಬೇರೆ ಊರಿನಿಂದ, ಬೇರೆ ರಾಜ್ಯದಿಂದ ಬಂದವರಿಗೆ ಅಲ್ಲಿ ಹೆಸರು ಬರೆಸಲು ದಾರಿ ಗೊತ್ತಿರುವುದಿಲ್ಲ. ಒಂದು ದಿನ ಬೈಕಿನಲ್ಲಿ ಕರೆದೊಯ್ದು ಟೀಚರಿಗೆ ಪರಿಚಯಿಸಿದರೆ ಕೆಲಸ ಆಯಿತು.

ಬೀಜದ ರಾಗಿ ಬೇಕಾದವರು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಎರಡು ಸೆಂಟ್ಸಿಗೆ ನೂರು ಗ್ರಾಂ ಬೀಜ ಧಾರಾಳ. ಕೂವೆಯ ಗೆಡ್ಡೆ ಮಾತ್ರ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಯಾರದಾದರೂ ಹಳೇ ಮನೆಯ ಹಿತ್ತಲಲ್ಲಿ ಇನ್ನೂ ಉಳಿದಿದ್ದರೆ ಈ ಮಳೆಗೆ ಮುಂಚೆ ನಾಲ್ಕು ತುಂಡು ಕೇಳಿ ತಂದಿಡಿ.